ಅಮ್ಮನ ಮಾತ್ರೆ ಬಿಡಿಸಿ ಅರಿಶಿನದ ಹಾಲು ಕೊಡಬಹುದೇ?

ಪ್ರಶ್ನೆ: ಅಮ್ಮನಿಗೆ 58 ವರ್ಷ. ಅಪ್ಪ ತೀರಿಕೊಂಡ ಮೇಲೆ ಖಿನ್ನತೆ ಬಂತು. ಐದು ತಿಂಗಳಿನಿಂದ ಎಸಿಟಲೋಪ್ರಾಮ್ 10 ಮಿ.ಗ್ರಾಂ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಈಗ ಎರಡು ತಿಂಗಳಿನಿಂದ ಗೆಲುವಾಗಿದ್ದಾರೆ. ಸ್ಟೆಂಟ್ ಹಾಕಿರುವುದರಿಂದ ಕ್ಲೊಪಿಡೋಗ್ರೆಲ್ ಕೂಡ ಇದೆ. ಚಿಕ್ಕಮ್ಮ, "ಆ ಮಾತ್ರೆ ಸಾಕು ಅಕ್ಕ, ರಾತ್ರಿ ಅರಿಶಿನ, ಮೆಣಸು ಹಾಕಿದ ಹಾಲು ಕುಡಿ, ಇಲ್ಲಾ ಕರ್ಕ್ಯುಮಿನ್ ಕ್ಯಾಪ್ಸೂಲ್ ತಗೋ" ಅಂತ ಒತ್ತಾಯ ಮಾಡುತ್ತಿದ್ದಾರೆ. ಏನು ಮಾಡಲಿ?
– ಓದುಗರು, ಬಸವನಗುಡಿ

ಉತ್ತರ: ಮಾತ್ರೆ ನಿಲ್ಲಿಸಬೇಡಿ. ಅಮ್ಮ ಗೆಲುವಾಗಿರುವುದು ಆ ಮಾತ್ರೆ ಕೈಹಿಡಿದಿರುವುದರ ಗುರುತು. ಮೊದಲ ಸಲ ಖಿನ್ನತೆ ಬಂದವರಿಗೂ, ಪೂರ್ತಿ ಸರಿಹೋದ ಮೇಲೆ ಆರರಿಂದ ಒಂಬತ್ತು ತಿಂಗಳು ಅದೇ ಪ್ರಮಾಣದಲ್ಲಿ ಮುಂದುವರಿಸುತ್ತಾರೆ. ಥಟ್ಟನೆ ಬಿಟ್ಟರೆ ಕೆಲವೇ ದಿನಗಳಲ್ಲಿ ತಲೆಸುತ್ತು, ಸಿಡುಕು, ನಿದ್ದೆಗೇಡು, ತಲೆಯೊಳಗೆ ಕರೆಂಟ್ ಹೊಡೆದಂಥ ಅನುಭವ ಶುರುವಾಗಬಹುದು. ಖಿನ್ನತೆ ಮರಳುವುದು ಹೆಚ್ಚಾಗಿ ಅದಕ್ಕಿಂತ ತಡವಾಗಿ, ವಾರಗಳೋ ತಿಂಗಳುಗಳೋ ಕಳೆದ ಮೇಲೆ. "ಬಿಟ್ಟರೂ ಏನೂ ಆಗಲಿಲ್ಲವಲ್ಲ" ಎಂದು ಮನೆಯವರು ಮೈಮರೆಯುವುದು ಆ ನಡುವಿನ ಹೊತ್ತಿನಲ್ಲೇ.

ಚಿಕ್ಕಮ್ಮನ ಮಾತಿನಲ್ಲಿ ಹುರುಳೇ ಇಲ್ಲ ಎನ್ನುವಂತಿಲ್ಲ. ಗುಜರಾತಿನ ಭಾವನಗರದಲ್ಲಿ 60 ಮಂದಿ ಖಿನ್ನತೆಯ ರೋಗಿಗಳ ಮೇಲೆ ನಡೆದ ಪ್ರಯೋಗವೊಂದು 2014ರಲ್ಲಿ ಅಚ್ಚಾಗಿದೆ. ಒಂದು ಗುಂಪಿಗೆ ಖಿನ್ನತೆಯ ಮಾತ್ರೆ ಫ್ಲೂಆಕ್ಸೆಟಿನ್ 20 ಮಿ.ಗ್ರಾಂ, ಇನ್ನೊಂದಕ್ಕೆ ದಿನಕ್ಕೆ 1,000 ಮಿ.ಗ್ರಾಂ ಕರ್ಕ್ಯುಮಿನ್ (ಅರಿಶಿನದಲ್ಲಿರುವ ಮುಖ್ಯ ಅಂಶ), ಮೂರನೆಯದಕ್ಕೆ ಎರಡೂ. ಆರು ವಾರ ಕಳೆದಾಗ ಮೂರು ಗುಂಪುಗಳ ನಡುವೆ ಗಟ್ಟಿಯಾಗಿ ಹೇಳುವಂಥ ವ್ಯತ್ಯಾಸ ಕಾಣಲಿಲ್ಲ. ಆದರೆ ಔಷಧವಿಲ್ಲದ ಹುಸಿ ಮಾತ್ರೆಯ ಗುಂಪು ಅಲ್ಲಿರಲಿಲ್ಲ, ತಾವು ನುಂಗುತ್ತಿರುವುದು ಏನೆಂದು ರೋಗಿಗಳಿಗೆ ಗೊತ್ತಿತ್ತು. ಹಾಗಾಗಿ ಎಷ್ಟು ಗುಣ ಕರ್ಕ್ಯುಮಿನ್‌ನಿಂದ, ಎಷ್ಟು ನಂಬಿಕೆಯಿಂದ, ಎಷ್ಟು ತಾನಾಗಿಯೇ ಎಂದು ಬಿಡಿಸಿ ಹೇಳಲಾಗದು. ಆಸ್ಟ್ರೇಲಿಯಾದಲ್ಲಿ ಹುಸಿ ಮಾತ್ರೆ ಇಟ್ಟುಕೊಂಡು 56 ಮಂದಿಯ ಮೇಲೆ ಎಂಟು ವಾರ ನಡೆಸಿದ ಪ್ರಯೋಗದಲ್ಲಿ ಮೊದಲ ನಾಲ್ಕು ವಾರ ಎರಡೂ ಗುಂಪು ಒಂದೇ ಸಮ. ಆಮೇಲಷ್ಟೇ ಕರ್ಕ್ಯುಮಿನ್ ಸ್ವಲ್ಪ ಮುಂದೆ ಹೋಯಿತು. ಇಷ್ಟನ್ನೇ ನೆಚ್ಚಿಕೊಂಡು ಕೆಲಸ ಮಾಡುತ್ತಿರುವ ಮಾತ್ರೆಯನ್ನು ಬಿಡಿಸುವುದು ತಪ್ಪು.

ಇನ್ನು ಹಾಲಿನ ಲೆಕ್ಕ. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರುವುದು ಸುಮಾರು ಶೇ 3. ಒಂದು ಟೀ ಚಮಚ ಪುಡಿ 3 ಗ್ರಾಂ ಎಂದುಕೊಂಡರೆ ಅದರಲ್ಲಿ ಸಿಗುವುದು 90 ಮಿ.ಗ್ರಾಂ. ಹಾಲಿಗೆ ನಾವು ಹಾಕುವುದು ಕಾಲು ಚಮಚ, ಅಂದರೆ 20–25 ಮಿ.ಗ್ರಾಂ. ಪ್ರಯೋಗದಲ್ಲಿ ಕೊಟ್ಟಷ್ಟು ಬೇಕೆಂದರೆ ದಿನಕ್ಕೆ ಹನ್ನೊಂದು ಚಮಚ ಪುಡಿ ಕುಡಿಯಬೇಕು! ಅದನ್ನು ಯಾರ ಹೊಟ್ಟೆಯೂ ತಡೆಯದು.

ಹೊಟ್ಟೆಗೆ ಹೋದದ್ದೂ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಕರ್ಕ್ಯುಮಿನ್ ನೀರಿನಲ್ಲಿ ಕರಗದು. ಕರುಳಿನ ಗೋಡೆ, ಯಕೃತ್ತು ಅದನ್ನು ಬೇಗನೆ ಮಾರ್ಪಡಿಸಿ ಹೊರಹಾಕುತ್ತವೆ. ಮೆಣಸಿನ ಪೈಪರಿನ್ ಈ ಕೆಲಸಕ್ಕೆ ತಡೆಯೊಡ್ಡುತ್ತದೆ. ಇದನ್ನು ತೋರಿಸಿದ್ದು ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಔಷಧಶಾಸ್ತ್ರ ವಿಭಾಗದಿಂದ 1998ರಲ್ಲಿ ಬಂದ ಅಧ್ಯಯನ. 2 ಗ್ರಾಂ ಕರ್ಕ್ಯುಮಿನ್ ಜೊತೆಗೆ 20 ಮಿ.ಗ್ರಾಂ ಪೈಪರಿನ್ ಕೊಟ್ಟಾಗ ಹೀರಿಕೆ 20 ಪಟ್ಟು ಹೆಚ್ಚಿತು. ಜಾಹೀರಾತಿನಲ್ಲಿ ಕಾಣುವ "ಶೇ 2,000" ಇದೇ. ಆದರೆ ಪೈಪರಿನ್ ಇಲ್ಲದಾಗ ರಕ್ತದಲ್ಲಿ ಕಂಡದ್ದೇ ಅತ್ಯಲ್ಪ. ಅದರ 20 ಪಟ್ಟು ಎಷ್ಟಾದೀತು, ನೀವೇ ಯೋಚಿಸಿ.

ಮೆಣಸಿನ ಈ ಗುಣ ಕರ್ಕ್ಯುಮಿನ್‌ಗಷ್ಟೇ ಮೀಸಲಲ್ಲ. ಫಿಟ್ಸ್‌ಗೆ ಕೊಡುವ ಫೆನಿಟೊಯಿನ್, ಕಾರ್ಬಮಜೆಪಿನ್‌ಗಳ ಮಟ್ಟವನ್ನೂ ಪೈಪರಿನ್ ರಕ್ತದಲ್ಲಿ ಏರಿಸುತ್ತದೆ. ಸಾರಿಗೆ ಹಾಕುವ ಮೆಣಸಿಗೆ ಹೆದರಬೇಕಿಲ್ಲ, ದಿನವೂ ನುಂಗುವ ಪೈಪರಿನ್ ಕ್ಯಾಪ್ಸೂಲ್ ಬೇರೆ ಮಾತು.

ನಿಮ್ಮ ಅಮ್ಮನ ವಿಷಯದಲ್ಲಿ ನಮಗೆ ಹೆಚ್ಚು ಚಿಂತೆ ಕ್ಲೊಪಿಡೋಗ್ರೆಲ್‌ನದು. ಅದು ರಕ್ತ ಹೆಪ್ಪುಗಟ್ಟದಂತೆ ತಡೆಯುತ್ತದೆ, ಎಸಿಟಲೋಪ್ರಾಮ್ ಕೂಡ ಅದೇ ದಿಕ್ಕಿಗೆ ಸ್ವಲ್ಪ ಎಳೆಯುತ್ತದೆ. ಮೂರನೆಯದಾಗಿ ಕರ್ಕ್ಯುಮಿನ್ ಸೇರಿದರೆ ರಕ್ತಸ್ರಾವದ ಅಪಾಯ ಹೆಚ್ಚಬಹುದು. ಒಸಡಿನಲ್ಲಿ ರಕ್ತ, ತಾಗಿಸಿಕೊಳ್ಳದೆಯೂ ಮೈಮೇಲೆ ನೀಲಿ ಕಲೆ, ಟಾರಿನಂತೆ ಕಪ್ಪಾದ ಮಲ ಕಂಡರೆ ಅಂದೇ ಡಾಕ್ಟರಿಗೆ ತೋರಿಸಿ. ಅರಿಶಿನದ ಕ್ಯಾಪ್ಸೂಲ್‌ಗಳಿಂದ ಯಕೃತ್ತಿಗೆ ಪೆಟ್ಟು ಬಿದ್ದ 10 ಪ್ರಕರಣಗಳನ್ನು ಅಮೆರಿಕದ ವೈದ್ಯರು 2022ರಲ್ಲಿ ವರದಿ ಮಾಡಿದ್ದಾರೆ. ಕೆಲವು ಕ್ಯಾಪ್ಸೂಲ್‌ಗಳಲ್ಲಿ ಪೈಪರಿನ್ ಇತ್ತು. ಪಿತ್ತಕೋಶದಲ್ಲಿ ಕಲ್ಲಿರುವವರು, ಗರ್ಭಿಣಿಯರು, ಆಪರೇಷನ್‌ಗೆ ದಿನ ಗೊತ್ತಾದವರು ಕ್ಯಾಪ್ಸೂಲಿನಿಂದ ದೂರವಿರಬೇಕು.

ಆದ್ದರಿಂದ ಕ್ಯಾಪ್ಸೂಲ್ ಬೇಡ. ಹಾಲು ಬೇಕಿದ್ದರೆ ಕೊಡಿ, ಅಡುಗೆಯಷ್ಟು ಅರಿಶಿನಕ್ಕೆ ಅಡ್ಡಿಯಿಲ್ಲ: ಒಂದು ಲೋಟ ಕೆನೆಹಾಲಿಗೆ ಕಾಲು ಚಮಚ ಅರಿಶಿನ, ಕುಟ್ಟಿದ ಎರಡು ಕಾಳು ಮೆಣಸು. ಇದನ್ನು ಔಷಧವೆಂದು ಎಣಿಸಬೇಡಿ. ಮುಂದಿನ ಸಲ ಡಾಕ್ಟರ ಬಳಿ ಹೋದಾಗ "ಮಾತ್ರೆ ಯಾವಾಗ ಇಳಿಸಬಹುದು?" ಎಂದು ಕೇಳಿ. ಕಾಲ ಬಂದಾಗ 10ರಿಂದ 5ಕ್ಕೆ, ಮತ್ತೂ ಕಡಿಮೆಗೆ, ವಾರಗಳ ಅಂತರ ಕೊಟ್ಟು ಅವರೇ ಇಳಿಸುತ್ತಾರೆ. ಈ ನಡುವೆ ಅಮ್ಮ ಊಟ ಬಿಟ್ಟರೆ, ಬದುಕು ಸಾಕು ಎಂದರೆ ಒಂದು ದಿನವೂ ಕಾಯಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಹೊಸೂರು ರಸ್ತೆಯ ನಿಮ್ಹಾನ್ಸ್‌ನ ತುರ್ತು ವಿಭಾಗವೂ ಸದಾ ತೆರೆದಿರುತ್ತದೆ.

ಪ್ರಶ್ನೆ: ಅರಿಶಿನಕ್ಕಿಂತ ಕೇಸರಿ ಮೇಲು ಎನ್ನುತ್ತಾರೆ, ನಿಜವೇ?
– ಓದುಗರು, ಮಲ್ಲೇಶ್ವರ

ಉತ್ತರ: ಸೌಮ್ಯ ಮತ್ತು ಮಧ್ಯಮ ಖಿನ್ನತೆಗೆ ಕೇಸರಿಯ ಫಲಿತಾಂಶ ಆಶಾದಾಯಕ. ಇರಾನಿನಲ್ಲಿ 2005ರಲ್ಲಿ ನಡೆದ ಒಂದು ಪ್ರಯೋಗದಲ್ಲಿ ದಿನಕ್ಕೆ 30 ಮಿ.ಗ್ರಾಂ ಕೇಸರಿ ಸಾರ, ಫ್ಲೂಆಕ್ಸೆಟಿನ್ 20 ಮಿ.ಗ್ರಾಂಗೆ ಹೆಚ್ಚು ಕಡಿಮೆ ಸಮನಾಗಿ ನಿಂತಿತು. ಆದರೆ ಅದರಲ್ಲಿದ್ದವರು 40 ಮಂದಿ, ಅವಧಿ ಆರೇ ವಾರ. ಒಂದು ಎಸಳಿನ ತೂಕ ಸುಮಾರು 2 ಮಿ.ಗ್ರಾಂ, ಹಾಗಾಗಿ 30 ಮಿ.ಗ್ರಾಂ ಎಂದರೆ ಹದಿನೈದು ಎಸಳು. ಪ್ರಯೋಗದಲ್ಲಿ ಕೊಟ್ಟದ್ದು ಅಳತೆ ಮಾಡಿ ತೆಗೆದ ಸಾರವಾದ್ದರಿಂದ ಹಾಲಿಗೆ ಎಸಳು ಉದುರಿಸಿದರೆ ಅಷ್ಟೇ ಸಿಗುತ್ತದೆ ಎನ್ನಲಾಗದು. ಜಾಸ್ತಿ ಹಾಕಿದರೆ ಜಾಸ್ತಿ ಗುಣ ಎಂದೂ ಹೋಗಬೇಡಿ, 5 ಗ್ರಾಂ ದಾಟಿದರೆ ಕೇಸರಿಯೂ ವಿಷವೇ. ಕೊಳ್ಳುವ ಮುನ್ನ ನಾಲ್ಕು ಎಸಳನ್ನು ಉಗುರುಬೆಚ್ಚಗಿನ ನೀರಿಗೆ ಹಾಕಿ ನೋಡಿ: ಅಸಲಿಯಾದರೆ ಹತ್ತು ಹದಿನೈದು ನಿಮಿಷದಲ್ಲಿ ನೀರು ನಿಧಾನವಾಗಿ ಹೊಂಬಣ್ಣಕ್ಕೆ ತಿರುಗುತ್ತದೆ, ಎಸಳು ಕೆಂಪಾಗಿಯೇ ಉಳಿಯುತ್ತದೆ. ಬಣ್ಣ ಹಚ್ಚಿದ ಜೋಳದ ಕೂದಲಾದರೆ ಹಾಕಿದ ಕೂಡಲೇ ನೀರು ಕೆಂಪಾಗಿ ಎಸಳು ಬಿಳಿಚಿಕೊಳ್ಳುತ್ತದೆ.