ಬೆಳಕಿಗೆ ತೂಕ ಇದ್ದರೆ?

ಪ್ರಶ್ನೆ: ಮೊನ್ನೆ ಕರೆಂಟ್ ಹೋದ ರಾತ್ರಿ ತೊಗರಿ ಹೊಲದಲ್ಲಿ ನಿಂತು ನಕ್ಷತ್ರ ನೋಡ್ತಿದ್ದೆ. ವಿದ್ಯುತ್, ಕಾಂತ, ಬೆಳಕು ಹೇಗೆ ವರ್ತಿಸುತ್ತವೆ ಅಂತ ಹೇಳೋ ಮ್ಯಾಕ್ಸ್‌ವೆಲ್ ನಿಯಮ ಒಂಚೂರು ಬದಲಾದರೆ ಬ್ರಹ್ಮಾಂಡ ಹೇಗಿರುತ್ತೆ?
– ಓದುಗರೊಬ್ಬರು, ಯಾದಗಿರಿ

ಉತ್ತರ: ಎಷ್ಟು ಒಳ್ಳೆ ಪ್ರಶ್ನೆ! ಬೆಳಕಿನ ಕಣ ಫೋಟಾನ್‌ಗೆ ತೂಕವೇ ಇಲ್ಲ ಅನ್ನುತ್ತದೆ ಮ್ಯಾಕ್ಸ್‌ವೆಲ್ ನಿಯಮ. ತೂಕ ಚೂರು ಇದ್ದರೂ ಎಲ್ಲ ಬೆಳಕೂ ಒಂದೇ ವೇಗದಲ್ಲಿ ಓಡಲ್ಲ. ಕಲಬುರಗಿಯ ಶರಣಬಸವೇಶ್ವರ ಜಾತ್ರೆ ಮುಗಿಸಿ ಬೈಕು, ಎತ್ತಿನ ಗಾಡಿ ಒಟ್ಟಿಗೇ ಹೊರಟರೂ ಊರು ದೂರ ಇದ್ದಷ್ಟೂ ಗಾಡಿ ಹಿಂದೆ ಬೀಳುತ್ತೆ ಅಲ್ವಾ, ಹಾಗೆ. 2007ರಲ್ಲಿ ಮೊದಲು ವರದಿಯಾದ ರೇಡಿಯೋ ಮಿಂಚುಗಳು, ಅಂದರೆ ಬಾಹ್ಯಾಕಾಶದಲ್ಲಿ ಬಹುದೂರದಿಂದ ಬರುವ ರೇಡಿಯೋ ಅಲೆಗಳ ಹೊಳಪು, ಕೆಲವೇ ಮಿಲಿಸೆಕೆಂಡಿನವು. ರೇಡಿಯೋ ಅಲೆಯೂ ಒಂದು ಬಗೆಯ ಬೆಳಕೇ. ಅವುಗಳಲ್ಲಿ ಕಡಿಮೆ ಕಂಪನದ ಅಲೆ ಆ ಗಾಡಿಯ ಹಾಗೆ ತಡವಾಗಿಯೇ ಬರುತ್ತದೆ. ಆದರೆ ಅವಸರ ಬೇಡ. ದಾರಿಯ ಎಲೆಕ್ಟ್ರಾನ್‌ಗಳೂ ಹೀಗೇ ತಡ ಮಾಡುತ್ತವೆ. ಆ ಲೆಕ್ಕ ಕಳೆದು ನೋಡಿದರೆ ತೂಕದ ಗುರುತು ಈವರೆಗೆ ಸಿಕ್ಕಿಲ್ಲ.

ನಿಯಮ ಬದಲಿಸುವ ಇನ್ನೊಂದು ದಾರಿ 1934ರದ್ದು. ಭೌತವಿಜ್ಞಾನಿಗಳಾದ ಬಾರ್ನ್ ಮತ್ತು ಇನ್‌ಫೆಲ್ಡ್ ವಿದ್ಯುತ್ ಕ್ಷೇತ್ರ ಇಷ್ಟಕ್ಕಿಂತ ಬಲವಾಗಲಾರದು ಅಂತ ಒಂದು ಮಿತಿ ಹಾಕಿದರು. ಆಮೇಲೆ ಈ ಬಾರ್ನ್ ಬೆಂಗಳೂರಿಗೂ ಬಂದು ಕೆಲವು ತಿಂಗಳು ಇದ್ದರು, ರಾಮನ್ ಕರೆಸಿದ್ದು! ಇದೇ ಜಾಡಿನ ಕೆಲವು ಲೆಕ್ಕಗಳಲ್ಲಿ ಆರಂಭದ ಬ್ರಹ್ಮಾಂಡದ ಭಾರೀ ಕಾಂತಕ್ಷೇತ್ರವೇ ಎಲ್ಲವನ್ನೂ ಹೊರಗೆ ತಳ್ಳುತ್ತದೆ, ಎಲ್ಲ ಒಂದು ಚುಕ್ಕೆಗೆ ಕುಸಿಯುವ ಬದಲು ಕುಗ್ಗಿ ಮತ್ತೆ ಹಿಗ್ಗುತ್ತದೆ. ಸಾಬೀತಾಗಿಲ್ಲ, ಆದರೂ ನನಗೆ ತುಂಬಾ ಇಷ್ಟವಾದ ಯೋಚನೆ ಇದು.