ಡ್ಯಾಶ್‌ಬೋರ್ಡ್‌ಗೆ ಎಕ್ಸೆಲ್ ಸಾಕಾ, ಪವರ್ ಬಿಐ ಬೇಕಾ?

ಎರಡು ವರ್ಷದ ಮಾರಾಟದ ಡೇಟಾ ಎಕ್ಸೆಲ್ ಶೀಟಿನಲ್ಲಿದೆ. "ಕ್ಲಿಕ್ ಮಾಡಿದರೆ ಬದಲಾಗುವಂಥ ಡ್ಯಾಶ್‌ಬೋರ್ಡ್ ಮಾಡಿಕೊಡಿ" ಅಂತ ಮ್ಯಾನೇಜರ್ ಹೇಳಿದ್ದಾರೆ, ಅಂದರೆ ಮುಖ್ಯ ಅಂಕಿ, ಚಾರ್ಟ್‌ಗಳೆಲ್ಲ ಒಂದೇ ಕಡೆ ಕಾಣುವ ಪುಟ. ಪವರ್ ಬಿಐ (ಇಂಥ ಡ್ಯಾಶ್‌ಬೋರ್ಡ್ ಮಾಡಲೆಂದೇ ಇರುವ ಮೈಕ್ರೋಸಾಫ್ಟ್‌ನ ಬೇರೆ ಸಾಫ್ಟ್‌ವೇರ್) ಕಲಿಯಲಾ, ಎಕ್ಸೆಲ್‌ನಲ್ಲೇ ಮಾಡಲಾ, ಯಾವ ಚಾರ್ಟ್ ಹಾಕಲಿ ಅನ್ನೋದು ನಿಮ್ಮ ಪ್ರಶ್ನೆ. ಎಕ್ಸೆಲ್ ಸಾಕು. ಆದರೆ ಅದಕ್ಕೂ ಮೊದಲು ಒಂದು ಕೆಲಸ ಇದೆ. ಅದನ್ನು ಬಿಟ್ಟು ನಾನೊಮ್ಮೆ ಸರಿಯಾಗಿ ಪೆಟ್ಟು ತಿಂದಿದ್ದೇನೆ.

ನನ್ನ ಮೊದಲ ಡ್ಯಾಶ್‌ಬೋರ್ಡ್‌ನಲ್ಲಿ 14 ಚಾರ್ಟ್ ಇದ್ದವು. ಸ್ಪೀಡೋಮೀಟರ್ ತರದ ಮುಳ್ಳು, ತ್ರೀಡಿ ಪೈ, ಯಾವುದಕ್ಕೂ ಕಮ್ಮಿ ಇರಲಿಲ್ಲ. ಮೀಟಿಂಗ್‌ನಲ್ಲಿ ತೆರೆದೆ. ಮೇಲುಗಡೆ ದಪ್ಪ ಅಕ್ಷರದಲ್ಲಿ "ಒಟ್ಟು ಮಾರಾಟ". ಅಕೌಂಟ್ಸ್‌ನವರು ನೋಡಿದ ಕೂಡಲೇ "ನಮ್ಮ ಲೆಕ್ಕಕ್ಕೆ ಇದು ತಾಳೆ ಆಗಲ್ಲ" ಅಂದರು. ನಾನು ಆರ್ಡರ್ ಬಂದ ದಿನ ಹಿಡಿದಿದ್ದೆ, ಅವರು ಬಿಲ್ ಆದ ದಿನ. ವಾಪಸ್ ಬಂದ ಮಾಲನ್ನು ನಾನು ಕಳೆದಿರಲಿಲ್ಲ. ತೆರಿಗೆಯನ್ನೂ ಸೇರಿಸಿಬಿಟ್ಟಿದ್ದೆ. ಉಳಿದ ಮೀಟಿಂಗ್ ಪೂರ್ತಿ ಅದರ ಜಗಳವೇ ಆಯಿತು. ಮಿಕ್ಕ ಚಾರ್ಟ್‌ಗಳ ಕಡೆ ಯಾರೂ ತಿರುಗಿ ನೋಡಲಿಲ್ಲ.

ಹಾಗಾಗಿ ಒಂದು ಹಾಳೆ ತಗೊಂಡು ಮ್ಯಾನೇಜರ್ ಹತ್ತಿರ ಹೋಗಿ. ಮಾರಾಟ ಅಂದರೆ ಯಾವ ದಿನದ್ದು, ಏನೇನು ಕಳೆದದ್ದು ಅಂತ ಕೇಳಿ ಬರೆದುಕೊಳ್ಳಿ. ಆಮೇಲೆ ಅವರು ಕೇಳಿದ ಒಂದೊಂದು ಅಂಕಿಗೂ "ಇದು ನಾಳೆ ಕುಸಿದರೆ ನೀವು ಏನು ಮಾಡ್ತೀರಿ?" ಅಂತ ಕೇಳಿ. ಉತ್ತರ ಬಾರದ ಅಂಕಿಗೆ ಡ್ಯಾಶ್‌ಬೋರ್ಡ್‌ನಲ್ಲಿ ಜಾಗ ಬೇಡ. ಸಾಮಾನ್ಯವಾಗಿ ನಾಲ್ಕೈದು ಉಳಿಯುತ್ತವೆ.

ಅಂಕಿಯನ್ನು ಸುಮ್ನೆ ಒಂಟಿಯಾಗಿ ನಿಲ್ಲಿಸಬೇಡಿ. ಪಕ್ಕದಲ್ಲಿ ಗುರಿಯೋ ಹಿಂದಿನ ತಿಂಗಳದ್ದೋ ಇರಬೇಕು. ಇಲ್ಲೊಂದು ಹಳ್ಳ ಇದೆ. 12ನೇ ತಾರೀಕು ಫೈಲ್ ತೆರೆದರೆ ಈ ತಿಂಗಳ ಮಾರಾಟ ಪಾತಾಳಕ್ಕೆ ಬಿದ್ದಂತೆ ಕಾಣುತ್ತದೆ, ಯಾಕೆಂದರೆ ಹಿಂದಿನ ತಿಂಗಳದ್ದು ಪೂರ್ತಿ ಲೆಕ್ಕ. ಹಿಂದಿನ ತಿಂಗಳ ಮೊದಲ 12 ದಿನದ ಜೊತೆ ಹೋಲಿಸಿ.

ಇನ್ನೊಂದು ಹಳ್ಳ ಶೇಕಡಾ ಲೆಕ್ಕದ್ದು. ಬಂದ ಗಿರಾಕಿಗಳಲ್ಲಿ ಎಷ್ಟು ಜನ ಕೊಂಡರು ಅಂತ ತೋರಿಸಬೇಕು ಅಂದುಕೊಳ್ಳಿ. ಒಂದು ಕಡೆ 20 ಜನ ಬಂದು 10 ಜನ ಕೊಂಡರು, ಶೇ. 50. ಇನ್ನೊಂದು ಕಡೆ 1,000 ಜನ ಬಂದು 100 ಜನ ಕೊಂಡರು, ಶೇ. 10. ಎರಡರ ಸರಾಸರಿ ಶೇ. 30 ಅಂತ ಹಾಕಿದರೆ ಕೆಟ್ಟಿತು! ನಿಜವಾದದ್ದು 1,020ರಲ್ಲಿ 110, ಅಂದರೆ ಶೇ. 10.8. ಮೂಲ ಶೀಟಿನಲ್ಲಿ ಶೇಕಡಾ ಕಾಲಂ ಮಾಡಿ ಪಿವಟ್‌ನಲ್ಲಿ (ಸಾಲುಗಳನ್ನು ಗುಂಪು ಮಾಡಿ ತಾನೇ ಲೆಕ್ಕ ಹಾಕಿಕೊಡುವ ಎಕ್ಸೆಲ್ ಪಟ್ಟಿ) ಆವರೇಜ್ ತೆಗೆಯುವವರೆಲ್ಲ ಇದೇ ತಪ್ಪು ಮಾಡುತ್ತಾರೆ. ಅದರ ಬದಲು ಪಿವಟ್‌ನ ಒಳಗೇ ಕ್ಯಾಲ್ಕ್ಯುಲೇಟೆಡ್ ಫೀಲ್ಡ್, ಅಂದರೆ ನಿಮ್ಮದೇ ಸೂತ್ರದ ಕಾಲಂ, ಹಾಕಿ. ಅದು ಮೊದಲು ಬಂದವರನ್ನೂ ಕೊಂಡವರನ್ನೂ ಬೇರೆಬೇರೆಯಾಗಿ ಕೂಡಿ, ಆಮೇಲೆ ಭಾಗಿಸುತ್ತದೆ.

ಈಗ ಎಕ್ಸೆಲ್ ಕೆಲಸ. ಡೇಟಾ ಒಂದು ಶೀಟಿನಲ್ಲಿ, ಪಿವಟ್‌ಗಳು ಎರಡನೆಯದರಲ್ಲಿ, ಆ ಪಿವಟ್‌ಗಳಿಂದ ಮಾಡಿದ ಚಾರ್ಟ್‌ಗಳು, ಅಂದರೆ ಜನ ನೋಡುವುದು, ಮೂರನೆಯದರಲ್ಲಿ. ಡೇಟಾದಲ್ಲಿ ಒಂದು ಸಾಲಿಗೆ ಒಂದೇ ವ್ಯವಹಾರ. ನಡುವೆ ಖಾಲಿ ಸಾಲು, ಮರ್ಜ್ ಮಾಡಿದ ಸೆಲ್, "ಒಟ್ಟು" ಅನ್ನೋ ಸಾಲು ಇರಕೂಡದು. ತಾರೀಕಿನ ಕಾಲಂ ನೋಡಿ. ಅಲೈನ್‌ಮೆಂಟ್ ಯಾರೂ ಬದಲಿಸಿಲ್ಲದಿದ್ದರೆ ನಿಜವಾದ ತಾರೀಕು ಸೆಲ್ಲಿನ ಬಲಕ್ಕೆ ನಿಲ್ಲುತ್ತದೆ. ಎಡಕ್ಕೆ ಅಂಟಿಕೊಂಡಿದ್ದರೆ ಅದು ಬರೀ ಅಕ್ಷರ, ತಿಂಗಳ ಪ್ರಕಾರ ಗುಂಪು ಆಗುವುದಿಲ್ಲ. ಟೆಕ್ಸ್ಟ್ ಟು ಕಾಲಮ್ಸ್‌ನ ಕೊನೆಯ ಹೆಜ್ಜೆಯಲ್ಲಿ ಡೇಟ್ ಅಂತ ಆರಿಸಿದರೆ ಸಾಮಾನ್ಯವಾಗಿ ಸರಿಹೋಗುತ್ತದೆ. ಆಮೇಲೆ ಕಂಟ್ರೋಲ್ ಟಿ ಒತ್ತಿ ಅದನ್ನು ಟೇಬಲ್ ಮಾಡಿ. ಹೊಸ ಸಾಲುಗಳು ತಾವಾಗಿ ಸೇರಿಕೊಳ್ಳುತ್ತವೆ.

ಕ್ಲಿಕ್ ಮಾಡಿದರೆ ಬದಲಾಗುವ ಬಟನ್‌ಗಳೇ ಸ್ಲೈಸರ್. ಎಕ್ಸೆಲ್ 2010ರಿಂದ ಇವೆ. ತಾರೀಕಿಗೆಂದೇ ಇರುವ ಟೈಮ್‌ಲೈನ್ 2013ರಲ್ಲಿ ಬಂತು. ಹೊಸಬರು ಎಡವುವುದು ಇಲ್ಲಿ: ಸ್ಲೈಸರ್ ಒತ್ತಿದರೆ ಒಂದು ಚಾರ್ಟ್ ಮಾತ್ರ ಬದಲಾಗುತ್ತದೆ, ಉಳಿದವು ಕಲ್ಲಿನಂತೆ ಕೂತಿರುತ್ತವೆ. ಸ್ಲೈಸರ್ ಮೇಲೆ ರೈಟ್ ಕ್ಲಿಕ್ ಮಾಡಿ, ರಿಪೋರ್ಟ್ ಕನೆಕ್ಷನ್ಸ್‌ನಲ್ಲಿ ಎಲ್ಲಾ ಪಿವಟ್‌ಗಳಿಗೂ ಟಿಕ್ ಹಾಕಬೇಕು. ಕೆಲವು ಪಿವಟ್ ಆ ಪಟ್ಟಿಯಲ್ಲೇ ಕಾಣಿಸದಿದ್ದರೆ ಅವುಗಳ ಕ್ಯಾಶ್ (ಪಿವಟ್ ತನ್ನೊಳಗೆ ಇಟ್ಟುಕೊಳ್ಳುವ ಡೇಟಾದ ನಕಲು) ಬೇರೆ ಇದೆ ಅಂತ ಅರ್ಥ. ಮೊದಲ ಪಿವಟ್ ಒಂದನ್ನು ಮಾಡಿ, ಅದನ್ನೇ ಕಾಪಿ ಪೇಸ್ಟ್ ಮಾಡಿ ಉಳಿದವನ್ನು ತಯಾರಿಸಿದರೆ ಈ ರಗಳೆಯೇ ಇಲ್ಲ. ನಾನು ಇದಕ್ಕೆ ಒಂದು ಇಡೀ ಸಂಜೆ ಕಳೆದಿದ್ದೇನೆ.

ಮೇಲಿನ ದೊಡ್ಡ ಅಂಕಿಗಳನ್ನು ಪಿವಟ್‌ನ ಸೆಲ್‌ಗೆ ಲಿಂಕ್ ಮಾಡಿ, ಆಗ ಅವೂ ಸ್ಲೈಸರ್ ಜೊತೆ ಓಡುತ್ತವೆ. ಪಿವಟ್ ತಾನಾಗಿ ರಿಫ್ರೆಶ್ ಆಗುತ್ತೆ ಅಂತ ನಂಬಿ ಕೂರಬೇಡಿ. ಪಿವಟ್ ಆಪ್ಷನ್ಸ್‌ನಲ್ಲಿ ಫೈಲ್ ತೆರೆದಾಗ ರಿಫ್ರೆಶ್ ಆಗುವಂತೆ ಟಿಕ್ ಹಾಕಿ. ಅಲ್ಲೇ ಆಟೋಫಿಟ್ ಟಿಕ್ ತೆಗೆಯಿರಿ, ಇಲ್ಲದಿದ್ದರೆ ಪ್ರತಿ ಸಲ ಕಾಲಂ ಅಗಲ ಕುಣಿಯುತ್ತದೆ.

ಚಾರ್ಟ್ ವಿಷಯದಲ್ಲಿ ನಾನು ಸ್ವಲ್ಪ ಜಿಪುಣ. ಕಾಲಕ್ಕೆ ಲೈನ್, ಹೋಲಿಕೆಗೆ ಬಾರ್, ಅಷ್ಟೇ. ಇವೆರಡನ್ನೂ 1786ರಲ್ಲೇ ಸ್ಕಾಟ್ಲೆಂಡಿನ ವಿಲಿಯಂ ಪ್ಲೇಫೇರ್ ವ್ಯಾಪಾರದ ಲೆಕ್ಕ ತೋರಿಸಲು ಬಳಸಿದ್ದ. ಪೈ ಚಾರ್ಟ್ ಕೂಡ ಅವನದೇ, 1801ರದ್ದು, ಆದರೆ ಅದನ್ನು ನಾನು ಮುಟ್ಟುವುದಿಲ್ಲ. 1984ರಲ್ಲಿ ಕ್ಲೀವ್‌ಲ್ಯಾಂಡ್ ಮತ್ತು ಮೆಗಿಲ್ ಅನ್ನೋ ಸಂಶೋಧಕರು ಜನರಿಗೆ ಚಿತ್ರ ತೋರಿಸಿ ಪರೀಕ್ಷೆ ಮಾಡಿದರು. ಕೋನ ನೋಡಿ ಅಂದಾಜು ಮಾಡುವುದಕ್ಕಿಂತ, ಒಂದೇ ಅಳತೆಗೋಲಿನ ಮೇಲೆ ಎಲ್ಲಿದೆ ಅಂತ ನೋಡಿದಾಗ ತಪ್ಪು ಕಡಿಮೆ ಆಯಿತು. ಪೈನ ಎರಡು ತುಂಡುಗಳಲ್ಲಿ ಯಾವುದು ದೊಡ್ಡದು ಅಂತ ಕಣ್ಣು ಕಿರಿದು ಮಾಡಿದ್ದೀರಿ ಅಲ್ವಾ, ಅದೇ ಕಷ್ಟ. ಬಾರ್ ಮಾತ್ರ ಸೊನ್ನೆಯಿಂದಲೇ ಶುರುವಾಗಬೇಕು. ಬಾರಿನ ಉದ್ದವೇ ಅಲ್ಲಿ ಮಾತಾಡುವುದು. ಕೆಂಪು ಹಸಿರಿನ ವ್ಯತ್ಯಾಸ ಕಾಣದವರು ಎಲ್ಲಾ ಆಫೀಸಿನಲ್ಲೂ ಇರಬಹುದು, ಅದಕ್ಕೆ ಬಣ್ಣದ ಜೊತೆ ಮೇಲೆ ಕೆಳಗೆ ತೋರಿಸುವ ಬಾಣವನ್ನೂ ಹಾಕಿ.

ಪವರ್ ಬಿಐ ಯಾವಾಗ? ಎಕ್ಸೆಲ್ ಶೀಟಿನಲ್ಲಿ 10,48,576 ಸಾಲು ಹಿಡಿಯುತ್ತದೆ. ಅದನ್ನು ದಾಟಿದಾಗ, ಡೇಟಾ ನಾಲ್ಕು ಕಡೆಯಿಂದ ಬರುವಾಗ, ಅಥವಾ ಒಬ್ಬೊಬ್ಬರಿಗೆ ಅವರವರ ಭಾಗ ಮಾತ್ರ ಕಾಣಿಸಬೇಕಾದಾಗ ಅದಕ್ಕೆ ಹೋಗಿ. ಈಗ ಎಕ್ಸೆಲ್‌ನಲ್ಲೇ ಇರುವ ಪವರ್ ಕ್ವೆರಿ (ಡೇಟಾ ತಂದು ಶುಚಿ ಮಾಡುವ ಸಾಧನ) ಕಲಿತರೆ ಆ ಕಲಿಕೆ ಅಲ್ಲೂ ಹಾಗೇ ಉಪಯೋಗಕ್ಕೆ ಬರುತ್ತದೆ.

ಮುಗಿದ ಮೇಲೆ ಮ್ಯಾನೇಜರ್ ಕೈಗೆ ಮೌಸ್ ಕೊಟ್ಟು ಸುಮ್ಮನೆ ಪಕ್ಕದಲ್ಲಿ ಕೂತುಬಿಡಿ. ವಿವರಿಸಬೇಡಿ. ನನ್ನ ಎರಡನೇ ಪ್ರಯತ್ನದಲ್ಲಿ ಆರು ಸ್ಲೈಸರ್ ಇಟ್ಟಿದ್ದೆ. ಅವರು ಮುಟ್ಟಿದ್ದು ಎರಡನ್ನು. ಮಿಕ್ಕ ನಾಲ್ಕನ್ನು ಅವತ್ತೇ ಸಂಜೆ ತೆಗೆದೆ. ಎಲ್ಲಿ ಹೋದವು ಅಂತ ಇವತ್ತಿನವರೆಗೂ ಯಾರೂ ಕೇಳಿಲ್ಲ.