ಕಹಿಯಾದ ಕಿತ್ತಳೆ ಸಿಪ್ಪೆಯ ಗೊಜ್ಜು

ಪ್ರಶ್ನೆ: ನಮ್ಮ ಮನೆಯ ಹಸಿಕಸದ ಬುಟ್ಟಿ ದಿನವೂ ಹಣ್ಣಿನ ಸಿಪ್ಪೆಯಿಂದಲೇ ತುಂಬುತ್ತದೆ. ನಮ್ಮ ಅತ್ತೆಯವರು ಕಿತ್ತಳೆ ಸಿಪ್ಪೆಯ ಗೊಜ್ಜು ಮಾಡುತ್ತಿದ್ದುದನ್ನು ನೆನೆದು ನಾನೂ ಮಾಡಿದೆ, ಬಾಯಿಗಿಡಲಾಗದಷ್ಟು ಕಹಿಯಾಯಿತು. ಎಲ್ಲಿ ತಪ್ಪಿದೆ? ಬೇರೆ ಯಾವ ಸಿಪ್ಪೆಗಳನ್ನು ಬಳಸಬಹುದು?
– ಓದುಗರೊಬ್ಬರು, ಮೈಸೂರು

ಉತ್ತರ: ನೀವು ಯಾವ ಹಣ್ಣನ್ನು ಬಳಸಿದಿರಿ ಎಂಬುದನ್ನು ಬರೆದಿಲ್ಲ. ನಿಮ್ಮ ಅತ್ತೆಯವರ ಕೈಗೆ ಸಿಗುತ್ತಿದ್ದುದು ಬಹುಶಃ ಕೊಡಗಿನ ಅಥವಾ ನಾಗಪುರದ ಕಿತ್ತಳೆ. ಅದರ ಸಿಪ್ಪೆ ಸಡಿಲ, ಒಳಗಿನ ಬಿಳಿ ಪದರ ತೆಳು. ಈಗ ಅಂಗಡಿಗಳಲ್ಲಿ ಸಿಗುವ, ಸಿಪ್ಪೆ ತಿರುಳಿಗೆ ಬಿಗಿಯಾಗಿ ಅಂಟಿಕೊಂಡಿರುವ ದೊಡ್ಡ ಹಣ್ಣುಗಳಲ್ಲಿ ಆ ಬಿಳಿ ಪದರ ದಪ್ಪವಾಗಿರುತ್ತದೆ. ಕಿತ್ತಳೆಯ ಪರಿಮಳವೆಲ್ಲ ಹೊರಮೈಯ ಎಣ್ಣೆಯಲ್ಲಿದ್ದರೆ, ಕಹಿ ಹೆಚ್ಚಾಗಿ ಇರುವುದು ಈ ಬಿಳಿ ಪದರದಲ್ಲಿ. ಅದನ್ನು ಚಮಚದಿಂದ ಕೆರೆದು ತೆಗೆದು, ಸಿಪ್ಪೆಯನ್ನು ಸಣ್ಣಗೆ ಹೆಚ್ಚಿ, ಐದು ನಿಮಿಷ ಕುದಿಸಿ ನೀರನ್ನು ಬಸಿದುಬಿಡಿ. ಎರಡನೆಯ ಸಲ ಕುದಿಸುವ ಆಸೆ ಬೇಡ, ಕಹಿಯ ಜೊತೆಗೆ ಪರಿಮಳವೂ ಹೋಗಿಬಿಡುತ್ತದೆ.

ಎರಡು ಹಣ್ಣಿನ ಸಿಪ್ಪೆಗೆ ನಿಂಬೆಗಾತ್ರದ ಹುಣಸೆಹಣ್ಣು ಸಾಕು. ಎಳ್ಳೆಣ್ಣೆಯಲ್ಲಿ ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆ ಮಾಡಿ, ಸಿಪ್ಪೆಯನ್ನು ಬಾಡುವವರೆಗೆ ಹುರಿದು, ಹುಣಸೆರಸ, ಉಪ್ಪು, ಸಾರಿನ ಪುಡಿ ಮತ್ತು ಹುಣಸೆಗಿಂತ ತುಸು ಹೆಚ್ಚೇ ಎನ್ನುವಷ್ಟು ಬೆಲ್ಲ ಹಾಕಿ, ಎಣ್ಣೆ ಬಿಡುವ ತನಕ ಸಣ್ಣ ಉರಿಯಲ್ಲಿ ಕುದಿಸಿ. ಕೊನೆಗೆ ಹುರಿದ ಎಳ್ಳಿನ ಪುಡಿ ಸೇರಿಸಿ. ಬೆಲ್ಲದಲ್ಲಿ ಜಿಪುಣತನ ತೋರಿದವರ ಗೊಜ್ಜು ಕಹಿಯಾಗಿಯೇ ಉಳಿಯುತ್ತದೆ. ಮಾಡಿದ ದಿನವೇ ತೀರ್ಪು ಕೊಡಬೇಡಿ. ಹುಳಿ, ಸಿಹಿ ಸಿಪ್ಪೆಯೊಳಕ್ಕೆ ಇಳಿಯಲು ಒಂದು ರಾತ್ರಿ ಬೇಕು. ಮರುದಿನ ಮೊಸರನ್ನಕ್ಕೆ ನೆಂಚಿಕೊಂಡರೆ ಅದರ ನಿಜವಾದ ರುಚಿ ತಿಳಿಯುತ್ತದೆ.

ಬುಟ್ಟಿಯ ಭಾರ ಇಳಿಯಬೇಕಾದರೆ ಕಲ್ಲಂಗಡಿಯೇ ಸರಿ. ಹೊರಗಿನ ಹಸಿರು ತೊಗಟೆಯನ್ನು ಹೆರೆದು, ಕೆಂಪು ತಿರುಳಿನ ಕೆಳಗಿರುವ ಬಿಳಿ ಭಾಗವನ್ನು ಕರಾವಳಿಯವರು ದೋಸೆಗೆ ಬಳಸುತ್ತಾರೆ. ನಾಲ್ಕು ಗಂಟೆ ನೆನೆಸಿದ ಎರಡು ಲೋಟ ಅಕ್ಕಿಗೆ ಸುಮಾರು ಅಷ್ಟೇ ಪ್ರಮಾಣದ ಬಿಳಿ ಭಾಗ ಸೇರಿಸಿ ನುಣ್ಣಗೆ ರುಬ್ಬಿದರಾಯಿತು, ಉದ್ದು ಬೇಕಿಲ್ಲ. ಅದು ತಾನೇ ನೀರು ಬಿಡುವುದರಿಂದ ರುಬ್ಬುವಾಗ ನೀರು ಹಾಕಲು ಆತುರಪಡಬೇಡಿ. ಮಜ್ಜಿಗೆಹುಳಿಗೂ ಇದು ಬೂದುಗುಂಬಳದಷ್ಟೇ ಚೆನ್ನಾಗಿ ಹೊಂದುತ್ತದೆ.

ಪ್ರಶ್ನೆ: ಹಣ್ಣುಗಳಿಗೆ ಔಷಧಿ ಸಿಂಪಡಿಸಿ, ಮೇಣ ಬಳಿಯುತ್ತಾರಲ್ಲವೇ? ಸಿಪ್ಪೆ ತಿನ್ನುವುದು ಸುರಕ್ಷಿತವೇ?
– ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ಅನುಮಾನ ಸಹಜವಾದದ್ದೇ. ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಹದಿನೈದು ನಿಮಿಷ ನೆನೆಸಿ, ಉಜ್ಜಿ ತೊಳೆದರೆ ಮೇಲ್ಮೈಯಲ್ಲಿರುವ ಔಷಧಿಯ ಬಹುಪಾಲು ಹೋಗುತ್ತದೆ. ಸಿಪ್ಪೆಯೊಳಕ್ಕೆ ಇಳಿದದ್ದು ಯಾವ ತೊಳೆತಕ್ಕೂ ಹೋಗುವುದಿಲ್ಲ. ಆದ್ದರಿಂದ ಸಿಪ್ಪೆಯ ಅಡುಗೆಗೆ ಹಿತ್ತಲಿನ ಹಣ್ಣು ಅಥವಾ ಪರಿಚಿತ ಬೆಳೆಗಾರರ ಹಣ್ಣನ್ನು ಮೀಸಲಿಡುವುದು ಒಳ್ಳೆಯದು. ಮೇಣ ಹಚ್ಚಿ ಮಿರಮಿರ ಮಿಂಚುವ ಸೇಬಿನ ಸಿಪ್ಪೆಯನ್ನು ನಾನಂತೂ ಗೊಬ್ಬರದ ಗುಂಡಿಗೇ ಹಾಕುತ್ತೇನೆ. ಮಾವಿನ ಸೊನೆ ತಗುಲಿದರೆ ತುರಿಸುವ ಮೈಯವರು ಮಾವಿನ ಸಿಪ್ಪೆಯನ್ನು ಅಡುಗೆಗೆ ಬಳಸದಿರುವುದೇ ಲೇಸು.

ಪ್ರಶ್ನೆ: ದಾಳಿಂಬೆ ಸಿಪ್ಪೆಯ ತಂಬುಳಿಗೆ ಎಷ್ಟು ಸಿಪ್ಪೆ ಹಾಕಬೇಕು?
– ಓದುಗರೊಬ್ಬರು, ಸಾಗರ

ಉತ್ತರ: ನಾಲ್ವರಿಗೆ ಹೆಬ್ಬೆರಳಿನ ಉಗುರಿನಷ್ಟಗಲದ ಎರಡು ಒಣ ಚೂರು ಸಾಕು. ಜೀರಿಗೆ, ಕಾಳುಮೆಣಸಿನೊಂದಿಗೆ ತುಪ್ಪದಲ್ಲಿ ಹುರಿದು, ತೆಂಗಿನತುರಿಯ ಜೊತೆ ರುಬ್ಬಿ ಮಜ್ಜಿಗೆಗೆ ಬೆರೆಸಿ. ಹೆಚ್ಚಾದರೆ ಒಗರಿನಿಂದ ನಾಲಿಗೆ ಬಿಗಿದುಕೊಳ್ಳುತ್ತದೆ. ಉಳಿದ ಸಿಪ್ಪೆಯನ್ನು ಒಣಗಿಸಿ ಗಾಳಿಯಾಡದ ಡಬ್ಬಿಯಲ್ಲಿಟ್ಟರೆ ಮಳೆಗಾಲಕ್ಕೂ ಬರುತ್ತದೆ.